ಬೀಗ ಹಾಕಿದವನೇ ಬೀಗ ತೆಗೆಯಬೇಕು

ಹಲವು ವರ್ಷಗಳ ಹಿಂದಿನ ಒಂದು ಭಾನುವಾರ. ಪೀಣ್ಯದಲ್ಲಿ ನಾನಾಗ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಬೆಳಿಗ್ಗೆ ಹತ್ತರಿಂದ ಕರೆಂಟ್ ಇರಲಿಲ್ಲ. ವಿದ್ಯುತ್ ವ್ಯತ್ಯಯದ ಪ್ರಕಟಣೆ ಹಿಂದಿನ ದಿನವೇ ಪತ್ರಿಕೆಯಲ್ಲಿ ಬಂದಿತ್ತು. ತಿಂಗಳುಗಟ್ಟಲೆ ಮುಂದೂಡಿದ್ದ ಮುಖ್ಯ ಪ್ಯಾನೆಲ್ಲಿನ ಕೆಲಸಕ್ಕೆ ಇದೇ ಸಮಯವೆಂದು ಬಾಗಿಲು ತೆರೆದೆವು. ನನ್ನ ಜೊತೆಗಾರ ಸ್ಪ್ಯಾನರ್ ಹಿಡಿದು ಬಸ್‌ಬಾರಿನ, ಅಂದರೆ ಕರೆಂಟ್ ಹಂಚುವ ದಪ್ಪ ಲೋಹದ ಪಟ್ಟಿಯ, ಬೋಲ್ಟ್‌ಗಳನ್ನು ಬಿಗಿ ಮಾಡುತ್ತಿದ್ದ. ಮುಖ್ಯ ಸ್ವಿಚ್ಚಿಗೆ ‘ಕೆಲಸ ನಡೆಯುತ್ತಿದೆ’ ಎಂಬ ಬೋರ್ಡನ್ನೂ ತೂಗುಹಾಕಿದ್ದೆವು. ಜನರೇಟರ್ ಇದ್ದ ಕೋಣೆಯಲ್ಲಿ ಬೋರ್ಡ್ ಇರಲಿಲ್ಲ.

ಕಚೇರಿಯಲ್ಲಿ ಲೆಕ್ಕ ಬರೆಯುವವರಿಗೆ ಕಂಪ್ಯೂಟರ್ ಬೇಕಾಯಿತು. ಯಾರೋ ಹೇಳಿದರು, ಜನರೇಟರ್ ನೋಡಿಕೊಳ್ಳುವ ಹುಡುಗ ಚಾಲೂ ಮಾಡಿದ. ಅವನ ತಪ್ಪೇನೂ ಇಲ್ಲ, ಅವನಿಗೆ ಹೇಳಿದವರೇ ಇರಲಿಲ್ಲ. ಜನರೇಟರಿನ ಕರೆಂಟ್ ಅದೇ ಬಸ್‌ಬಾರಿಗೆ ಬಂತು. ಸಿಡಿಲು ಬಡಿದಂಥ ಸದ್ದು, ಕಣ್ಣು ಕೋರೈಸುವ ಬೆಳಕು. ಜೊತೆಗಾರನ ಬಲಗೈ ಮೊಣಕೈವರೆಗೆ ಸುಟ್ಟಿತು. ಮೂರು ತಿಂಗಳು ಅವನು ಕೆಲಸಕ್ಕೆ ಬರಲಾಗಲಿಲ್ಲ.

ವಿಚಾರಣೆಯ ವರದಿಯಲ್ಲಿ ಬರೆದ ಕಾರಣ ಒಂದೇ ಪದದ್ದು: ಅಜಾಗರೂಕತೆ. ಆ ಪದವನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹಾಗೆ ಬರೆದ ಕೂಡಲೇ ವಿಚಾರಣೆ ಮುಗಿದುಹೋಗುತ್ತದೆ. ಜನರೇಟರಿನ ಬ್ರೇಕರನ್ನು ಆಫ್ ಮಾಡಿಡಬೇಕೆಂದು ಎಲ್ಲಿ ಬರೆದಿತ್ತು? ಅದಕ್ಕೆ ಬೀಗ ಹಾಕುವ ವ್ಯವಸ್ಥೆ ಇತ್ತೇ? ಬೋಲ್ಟ್ ಮುಟ್ಟುವ ಮೊದಲು ಬಸ್‌ಬಾರನ್ನು ಅರ್ತ್ ಮಾಡಲು, ಅಂದರೆ ನೆಲಕ್ಕೆ ಜೋಡಿಸಲು, ಸಲಕರಣೆ ಕೊಟ್ಟಿದ್ದರೇ? ಈ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ವಾಹಕವನ್ನು ಮುಟ್ಟುವ ಮೊದಲು ಅರ್ತ್ ಮಾಡಿ ಅಥವಾ ತಕ್ಕ ಬೇರೆ ವಿಧಾನದಿಂದ ಅದರಲ್ಲಿ ಉಳಿದ ವಿದ್ಯುತ್ತನ್ನು ಹರಿಯಬಿಡಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೇ ಹೇಳುತ್ತವೆ.

ಲೈನ್‌ಮನ್‌ಗಳು ‘ಎಲ್‌ಸಿ’ (ಲೈನ್ ಕ್ಲಿಯರ್, ಅಂದರೆ ಲೈನಿನಲ್ಲಿ ಕರೆಂಟ್ ತೆಗೆದಿದೆ ಎಂಬ ಅನುಮತಿ) ತೆಗೆದುಕೊಳ್ಳದೆ ಕಂಬ ಹತ್ತಬಾರದು ಎಂಬುದು ಹಳ್ಳಿಯವರಿಗೂ ಗೊತ್ತು. ಕಾರ್ಖಾನೆಯ ಒಳಗೆ ಮಾತ್ರ ನಾವು ಬಾಯಿಮಾತನ್ನು ನಂಬುತ್ತೇವೆ. ‘ಆಫ್ ಮಾಡಿದ್ದೇನೆ ಅಣ್ಣ, ಕೈ ಹಾಕಿ’ ಎಂದರೆ ಕೈ ಹಾಕುತ್ತೇವೆ. ಬೋರ್ಡನ್ನು ಯಾರು ಬೇಕಾದರೂ ಪಕ್ಕಕ್ಕೆ ಸರಿಸಬಹುದು, ಸ್ವಿಚ್ಚಿಗೆ ಹಾಕಿದ ಬೀಗವನ್ನು ಸರಿಸಲಾಗದು. ಕೆಲಸ ಮಾಡುವ ಪ್ರತಿಯೊಬ್ಬನಿಗೂ ಅವನದೇ ಬೀಗ, ಒಂದೇ ಕೀಲಿ, ಆ ಕೀಲಿ ಅವನ ಜೇಬಿನಲ್ಲೇ. ನಾಲ್ವರು ಕೆಲಸ ಮಾಡುತ್ತಿದ್ದರೆ ನಾಲ್ಕು ಬೀಗ. ಅಮೆರಿಕದಲ್ಲಿ 1989ರಲ್ಲಿಯೇ ಈ ಪದ್ಧತಿಗೆ ನಿಯಮ ಬಂದಿದೆ. ಇದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಕಾಗಿಲ್ಲ.

ಜೇಬಿನ ನಿಯಾನ್ ಟೆಸ್ಟರ್ ಬಗ್ಗೆಯೂ ಹೇಳಲೇಬೇಕು. ಬಿಸಿಲಿನಲ್ಲಿ ಅದರ ಬೆಳಕು ಕಾಣಿಸುವುದಿಲ್ಲ. ದಪ್ಪ ರಬ್ಬರ್ ಅಡಿಯ ಬೂಟು ತೊಟ್ಟು ಮ್ಯಾಟ್ ಮೇಲೆ ನಿಂತಾಗ ಸರಿಯಾಗಿ ಹೊತ್ತದೆಯೂ ಇರಬಹುದು. ‘ಹೊತ್ತಲಿಲ್ಲ, ಆದ್ದರಿಂದ ಕರೆಂಟ್ ಇಲ್ಲ’ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಸರಿಯಾದ ಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಪರೀಕ್ಷಿಸಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಿ, ಮತ್ತೊಮ್ಮೆ ಕರೆಂಟ್ ಇರುವ ಕಡೆ ನೋಡಿ. ಮೀಟರೇ ಕೆಟ್ಟಿದ್ದರೆ ಆಗ ತಿಳಿಯುತ್ತದೆ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳಲ್ಲಂತೂ ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳು ಚಾರ್ಜ್ ಹಿಡಿದಿರುತ್ತವೆ. 415 ವೋಲ್ಟ್ ಪೂರೈಕೆ ಒಳಗೆ ಸುಮಾರು 580 ವೋಲ್ಟ್ ಡಿಸಿ ಆಗಿರುತ್ತದೆ. ತಯಾರಕರ ಕೈಪಿಡಿ ಹೇಳಿದಷ್ಟು ನಿಮಿಷ ಕಾಯಲೇಬೇಕು.

‘ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತದೆ’ ಎನ್ನುವವರೂ ಇದ್ದಾರೆ. ಎಂಸಿಬಿ ಎಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಆಫ್ ಆಗುವ ಸ್ವಿಚ್. 16 ಆಂಪಿಯರ್ ಎಂಸಿಬಿ ಇರುವುದು ಕೇಬಲ್ ಸುಡದಿರಲಿ ಎಂದು. ಮೈಯಲ್ಲಿ ಕಾಲು ಆಂಪಿಯರ್ ಹರಿದರೂ ಅದಕ್ಕೆ ಗೊತ್ತಾಗುವುದಿಲ್ಲ, ಮನುಷ್ಯ ಸಾಯುವುದಕ್ಕೆ ಅಷ್ಟೂ ಬೇಡ. ಜೀವ ಕಾಯಲು ಇರುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ್ದನ್ನು ಗುರುತಿಸಿ ಪೂರೈಕೆ ಕಡಿಯುವ ಸ್ವಿಚ್. ಕೈಯಲ್ಲಿ ಹಿಡಿಯುವ ಗ್ರೈಂಡರ್, ಡ್ರಿಲ್‌ಗಳ ಸಾಕೆಟ್‌ಗಳಿಗೆ ಅದು ಇರಲೇಬೇಕು.

ಸುರಕ್ಷತೆ ನೋಡುತ್ತಾ ಕೂತರೆ ಉತ್ಪಾದನೆ ನಿಲ್ಲುತ್ತದೆ ಎಂಬ ಮಾತನ್ನು ಮಾಲೀಕರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ನನ್ನ ಅನುಭವ ಇದಕ್ಕೆ ತೀರಾ ವಿರುದ್ಧ. ಸಡಿಲವಾದ ಒಂದು ಲಗ್ (ಕೇಬಲ್ ತುದಿಯ ಲೋಹದ ಜೋಡಣೆ) ಬಿಸಿಯಾಗುತ್ತದೆ, ಬಿಸಿಯಾದಂತೆ ಇನ್ನಷ್ಟು ಸಡಿಲವಾಗುತ್ತದೆ, ಪಕ್ಕದ ಕೇಬಲ್ಲಿನ ಇನ್ಸುಲೇಷನ್ ಕಪ್ಪಾಗುತ್ತದೆ. ಆ ಲಗ್ ಒಂದು ದಿನ ಉತ್ಪಾದನೆಯ ಲೈನನ್ನೇ ನಿಲ್ಲಿಸಬಹುದು, ಬಾಗಿಲು ತೆರೆದವನ ಮುಖವನ್ನೂ ಸುಡಬಹುದು. ಯಂತ್ರ ನಿಲ್ಲಿಸಿ ಕೆಲಸ ಮಾಡಲು ನಾಲ್ಕು ಗಂಟೆ ಕೊಡದವರು ಆಮೇಲೆ ನಾಲ್ಕು ದಿನ ಕಳೆದುಕೊಳ್ಳುವುದನ್ನು ಕಂಡಿದ್ದೇನೆ. ಎಷ್ಟೋ ಕಡೆ ಪ್ಯಾನೆಲ್ಲಿನ ದೂಳು ಒರೆಸುವುದು ಆಯುಧ ಪೂಜೆಗೆ ಮಾತ್ರ. ಅರಿಶಿನ ಕುಂಕುಮ ಹಚ್ಚಲಿ, ಹೂವು ಮುಡಿಸಲಿ, ನಾನೂ ಕೈ ಮುಗಿಯುತ್ತೇನೆ. ಆದರೆ ಯಂತ್ರಗಳೆಲ್ಲ ನಿಂತಿರುವ ಆ ಒಂದು ದಿನ ಬೋಲ್ಟನ್ನು ಸರಿಯಾದಷ್ಟು ಬಿಗಿ ಮಾಡುವ ಟಾರ್ಕ್ ವ್ರೆಂಚ್, ಇನ್ಸುಲೇಷನ್ ಎಷ್ಟು ಗಟ್ಟಿಯೆಂದು ಅಳೆಯುವ ಮೆಗ್ಗರ್ ಕೂಡ ಹೊರಬರಲಿ. ಮೆಗ್ಗರ್ ತೋರಿಸಿದ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಲಿ. ಕಳೆದ ವರ್ಷ 200 ಮೆಗಾಓಮ್ ಇದ್ದದ್ದು ಈ ವರ್ಷ 20 ಆಗಿದ್ದರೆ, ಮೋಟಾರ್ ಸುಡುವ ಮೊದಲೇ ನಮಗೆ ಎಚ್ಚರಿಕೆ ಸಿಕ್ಕಂತೆ.

ಈಗಿನ ಕಾರ್ಖಾನೆಯಲ್ಲಿ ನಮ್ಮ ವಿಭಾಗದ ಏಳು ಜನಕ್ಕೆ ಏಳು ಕೆಂಪು ಬೀಗಗಳಿವೆ, ಮೇಲೆ ಅವರವರ ಹೆಸರು. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬೀಗ ತೆಗೆಯಲು ಮರೆತು ದಾಸರಹಳ್ಳಿಯ ಮನೆಗೆ ಹೊರಟುಹೋದ. ಎರಡನೇ ಪಾಳಿಯ ಮೇಲ್ವಿಚಾರಕರು ಕಟ್ಟರ್ ತರಿಸಿದರು. ನಾನು ಬೇಡವೆಂದೆ, ಅವರೂ ಒಪ್ಪಿದರು. ಫೋನ್ ಮಾಡಿದೆವು. ಅವನು ಮಳೆಯಲ್ಲೇ ಬೈಕಿನಲ್ಲಿ ಬಂದ, ಯಂತ್ರದ ಸುತ್ತ ಒಂದು ಸುತ್ತು ಹಾಕಿ ಯಾರೂ ಒಳಗಿಲ್ಲವೆಂದು ನೋಡಿದ, ತನ್ನ ಬೀಗ ತಾನೇ ತೆಗೆದ. ನಲವತ್ತು ನಿಮಿಷದ ಉತ್ಪಾದನೆ ಹೋಯಿತು. ಅವನನ್ನು ಯಾರೂ ಬೈಯಲಿಲ್ಲ. ಕ್ಯಾಂಟೀನಿನಿಂದ ಅವನಿಗೆ ಬಿಸಿ ಚಹಾ ತರಿಸಿದರು.