ಕಟ್ಟುವ ಹೊತ್ತು, ಬಿಚ್ಚುವ ಹೊತ್ತು

ಮಗುವನ್ನು ಮೈಗೆ ಕಟ್ಟಿಕೊಂಡು ಹೊರುವ ಬೇಬಿ ಕ್ಯಾರಿಯರ್‌ಗಳ ಜಾಹೀರಾತಿನಲ್ಲಿ ಯಾರೂ ಅದನ್ನು ಕಟ್ಟಿಕೊಳ್ಳುತ್ತಿರುವುದಿಲ್ಲ, ಬಿಚ್ಚುತ್ತಿರುವುದೂ ಇಲ್ಲ. ಚಿತ್ರದಲ್ಲಿರುವ ತಾಯಿಯೋ ತಂದೆಯೋ ಕಟ್ಟುವ ಕೆಲಸವನ್ನು ಆಗಲೇ ಮುಗಿಸಿರುತ್ತಾರೆ, ಎದೆಗೊರಗಿದ ಮಗು ಆಗಲೇ ನಿದ್ದೆ ಹೋಗಿರುತ್ತದೆ, ಹೊತ್ತವರ ಕೂದಲು ಬಾಚಿದ ಹಾಗೆಯೇ ಇರುತ್ತದೆ. ಇದನ್ನು ದಿನನಿತ್ಯ ಬಳಸುವವರಿಗೆ ಗೊತ್ತಿರುವ ಸಂಗತಿ ಬೇರೆ. ನಡುವಿನ ಆ ನಡಿಗೆಯಲ್ಲಿ ಹೆಚ್ಚುಕಡಿಮೆ ಎಲ್ಲ ಕ್ಯಾರಿಯರ್‌ಗಳೂ ಒಳ್ಳೆಯವೇ. ಅವುಗಳ ಯೋಗ್ಯತೆ ಬಯಲಾಗುವುದು ಎರಡು ತುದಿಗಳಲ್ಲಿ: ಅಳುವ ಮಗುವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಬೆನ್ನ ಹಿಂದಿನ ಪಟ್ಟಿಯನ್ನು ತಡಕಾಡುವಾಗ, ಮತ್ತು ಮಲಗಿದ ಮಗುವನ್ನು ಎಚ್ಚರವಾಗದಂತೆ ಮೈಯಿಂದ ಬಿಡಿಸಿ ಹಾಸಿಗೆಗೆ ದಾಟಿಸುವಾಗ. ಬಟ್ಟೆಯ ಬಣ್ಣ, ಜೇಬುಗಳ ಸಂಖ್ಯೆ ಮುಂತಾದವನ್ನು ಬದಿಗಿಟ್ಟು, ಈ ಎರಡು ಗಳಿಗೆಗಳಲ್ಲಿ ಅವು ಹೇಗೆ ನಡೆದುಕೊಳ್ಳುತ್ತವೆ ಎಂಬುದರಿಂದಲೇ ಅವುಗಳನ್ನು ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಪಾಡುಪಟ್ಟು ಹೊರುವುದಾದರೂ ಏಕೆ ಎಂದು ಕೇಳುವವರಿಗೆ ಒಂದು ಹಳೆಯ ಅಧ್ಯಯನವನ್ನು ತೋರಿಸಬಹುದು. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು, ಅತ್ತಾಗ ಮಾತ್ರವಲ್ಲದೆ ಸುಮ್ಮನಿದ್ದಾಗಲೂ ದಿನಕ್ಕೆ ಇನ್ನಷ್ಟು ಹೊತ್ತು ಎತ್ತಿಕೊಂಡಿದ್ದ ಶಿಶುಗಳು, ಆರು ವಾರದ ವಯಸ್ಸಿನಲ್ಲಿ, ಉಳಿದ ಶಿಶುಗಳಿಗಿಂತ ಶೇಕಡಾ 43ರಷ್ಟು ಕಡಿಮೆ ಅಳುತ್ತಿದ್ದುದನ್ನು ಕಂಡರು. ಹೀಗೆ ಗಂಟೆಗಟ್ಟಲೆ ಎತ್ತಿಕೊಂಡಿರಲು ಬರಿಗೈಗಳು ಒಪ್ಪುವುದಿಲ್ಲ. ಕ್ಯಾರಿಯರ್‌ಗಳ ಅಗತ್ಯ ಹುಟ್ಟುವುದು ಇಲ್ಲಿಯೇ.

ಎಳೆಯ ಶಿಶುವಿನ ಮಟ್ಟಿಗೆ ಹೆಚ್ಚಿನವರು ಆರಂಭಿಸುವುದು ಹಿಗ್ಗುವ ಬಟ್ಟೆಯ ರ‍್ಯಾಪ್‌ನಿಂದ. ಸುಮಾರು ಐದು ಮೀಟರ್ ಉದ್ದದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಬೆನ್ನ ಮೇಲೆ ಅಡ್ಡಹಾಯಿಸಿ, ಹೆಗಲುಗಳ ಮೇಲಿಂದ ಇಳಿಸಿ, ಗಂಟು ಹಾಕಿ ಮುಗಿಸಿದ ಮೇಲೆ ಮಗುವನ್ನು ಅದರೊಳಗೆ ಕೂರಿಸಬೇಕು. ಕೇಳುವಾಗಲೇ ಆಯಾಸವಾಗುವ ಈ ವಿಧಾನದಲ್ಲಿ ಒಂದು ಜಾಣತನ ಅಡಗಿದೆ. ಗಂಟು ಮೊದಲು, ಮಗು ಆಮೇಲೆ ಎಂಬುದರಿಂದ, ಬೆಳಿಗ್ಗೆ ಒಮ್ಮೆ ಕಟ್ಟಿಕೊಂಡರೆ ಅದು ಉಟ್ಟ ಬಟ್ಟೆಯ ಭಾಗವಾಗಿಬಿಡುತ್ತದೆ. ದಿನವಿಡೀ ಮಗುವನ್ನು ಒಳಗಿಡಬಹುದು, ಹೊರತೆಗೆಯಬಹುದು, ಗಂಟಿನ ಸುದ್ದಿಗೇ ಹೋಗಬೇಕಿಲ್ಲ. ಆದರೆ ಅದನ್ನು ಮನೆಯ ಹೊರಗೆ, ಮಳೆ ನಿಂತ ರಸ್ತೆಯ ಬದಿಯಲ್ಲಿ ಕಟ್ಟಿಕೊಳ್ಳಲು ಹೊರಟವರ ಪಾಡು ಬೇರೆ. ಬಟ್ಟೆಯ ಎರಡೂ ತುದಿಗಳು ಮೊದಲು ನೆಲ ಒರೆಸಿ, ಆಮೇಲೆ ಮಗುವಿನ ಹತ್ತಿರ ಬರುತ್ತವೆ. ಮಗು ಏಳೆಂಟು ಕಿಲೋ ತೂಗತೊಡಗಿದಾಗ ಹಿಗ್ಗುವ ಗುಣವೇ ಜಗ್ಗುವ ದೋಷವಾಗುತ್ತದೆ. ಕಟ್ಟುವಾಗ ಎದೆಯ ಮಟ್ಟದಲ್ಲಿದ್ದ ಮಗು ಅರ್ಧ ಗಂಟೆಯೊಳಗೆ ಹೊಟ್ಟೆಯ ಮಟ್ಟಕ್ಕೆ ಇಳಿದಿರುತ್ತದೆ. ನೇಯ್ಗೆಯ ರ‍್ಯಾಪ್‌ಗೆ ಈ ತೊಂದರೆಯಿಲ್ಲ. ಅದು ಓರೆಯಾಗಿ ಎಳೆದಾಗ ಮಾತ್ರ ಸ್ವಲ್ಪ ಸಡಿಲಗೊಳ್ಳುವುದರಿಂದ, ನಡೆಯುವ ವಯಸ್ಸಿನ ಮಗುವನ್ನೂ ಎದೆಯ ಮೇಲೆ, ಸೊಂಟದ ಮೇಲೆ, ಬೆನ್ನ ಮೇಲೆ ಹೊರಬಲ್ಲದು. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಕಲಿಕೆ. ಇಲ್ಲಿ ಬಟ್ಟೆಯನ್ನು ಮಗುವಿನ ಸುತ್ತಲೇ ಬಿಗಿಯಬೇಕು, ಮತ್ತು ಮಗುವಿಗೆ ಕಾಯುವ ವ್ಯವಧಾನವಿರುವುದಿಲ್ಲ.

ಎರಡೂ ತುದಿಗಳಲ್ಲಿ ನನ್ನ ಮೆಚ್ಚುಗೆ ಪಡೆದದ್ದು ರಿಂಗ್ ಸ್ಲಿಂಗ್. ಒಂದು ಹೆಗಲ ಮೇಲಿಂದ ಇಳಿಬಿಟ್ಟ ಸುಮಾರು ಎರಡು ಮೀಟರ್ ಬಟ್ಟೆ, ಅದರ ಒಂದು ಕೊನೆಯಲ್ಲಿ ಎರಡು ಉಂಗುರಗಳು, ಇಷ್ಟೇ ಅದರ ರಚನೆ. ಇನ್ನೊಂದು ಕೊನೆಯನ್ನು ಉಂಗುರಗಳ ನಡುವೆ ತೂರಿಸಿ ಎಳೆದರೆ ಬಿಗಿಯಾಗುತ್ತದೆ, ಉಂಗುರವನ್ನು ಮೇಲೆತ್ತಿದರೆ ಸಡಿಲವಾಗುತ್ತದೆ. 1981ರಲ್ಲಿ ಹವಾಯಿಯಲ್ಲಿ ರೇನರ್ ಗಾರ್ನರ್ ಎಂಬುವರು ತಮ್ಮ ಹೆಂಡತಿಗಾಗಿ ಇದನ್ನು ರೂಪಿಸಿದರು. ಮುಂದೆ ಅಮೆರಿಕದ ಮಕ್ಕಳ ವೈದ್ಯ ವಿಲಿಯಂ ಸಿಯರ್ಸ್ ಇದರ ಪ್ರಚಾರಕ್ಕೆ ನಿಂತರು. ಮಲಗಿದ ಮಗುವಿನೊಂದಿಗೆ ಹಾಸಿಗೆಯ ಮೇಲೆ ಬಾಗಿ, ಉಂಗುರವನ್ನು ಸಡಿಲಿಸಿ, ಮಗುವನ್ನು ಅಂಗಾತ ಮಲಗಿಸಿ, ತಮ್ಮ ತಲೆಯನ್ನು ಬಟ್ಟೆಯ ಸುರುಳಿಯಿಂದ ಈಚೆ ತೆಗೆದುಕೊಂಡು, ಆಮೇಲೆ ನಿಧಾನವಾಗಿ ಬಟ್ಟೆಯನ್ನೂ ಮಗುವಿನಡಿಯಿಂದ ಜಾರಿಸಿಕೊಳ್ಳಬಹುದು. ಈ ಕೊನೆಯ ಹಂತವನ್ನು ಮರೆಯಬಾರದು. ಮಲಗಿದ ಮಗುವಿನ ಬಳಿ ಸಡಿಲ ಬಟ್ಟೆಯನ್ನು ಬಿಡುವುದು ಅಪಾಯ. ಸ್ಲಿಂಗ್‌ನ ಕುಂದೆಂದರೆ, ಭಾರವೆಲ್ಲ ಒಂದೇ ಹೆಗಲಿನ ಪಾಲಾಗುವುದು. ಒಂದು ಗಂಟೆ ಕಳೆಯುವಷ್ಟರಲ್ಲಿ ಆ ಹೆಗಲು ತಾನು ಇರುವುದನ್ನು ನೆನಪಿಸತೊಡಗುತ್ತದೆ.

ಮಗುವನ್ನು ಇಳಿಸುವ ಗಳಿಗೆಯ ಬಗ್ಗೆ ವಿಜ್ಞಾನವೂ ತಲೆ ಕೆಡಿಸಿಕೊಂಡಿದೆ ಎಂಬುದು ನನಗೆ ಸಮಾಧಾನದ ವಿಷಯ. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೊಡಾ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಶುಗಳ ಹೃದಯ ಬಡಿತವನ್ನು ಅಳೆದು ನೋಡಿದರು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ನಡೆದರೆ ಅದು ಶಾಂತವಾಗುತ್ತದೆ, ಹಲವು ಶಿಶುಗಳು ನಿದ್ದೆಯನ್ನೂ ಮಾಡುತ್ತವೆ. ಆದರೆ ಮಗುವಿನ ಬಡಿತ ಏರುಪೇರಾಗುವುದು ಬೆನ್ನು ಹಾಸಿಗೆಗೆ ತಾಗಿದಾಗಲ್ಲ, ಅದಕ್ಕೂ ಮೊದಲೇ, ತಾಯಿಯ ಮೈಯಿಂದ ಬೇರೆಯಾಗತೊಡಗಿದಾಗ. ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಹಾಗೆಯೇ ಕುಳಿತಿದ್ದು ಆಮೇಲೆ ಇಳಿಸಿರೆಂಬುದು ಅವರ ಸಲಹೆ. ಗೆಲುವಿನ ಅವಸರದಲ್ಲಿ ನೇರ ಹಾಸಿಗೆಯ ಕಡೆ ಧಾವಿಸುವವರಿಗೆ ಆ ಎಂಟು ನಿಮಿಷ ಬಹಳ ದೀರ್ಘವಾದದ್ದು.

ಬಟ್ಟೆಯ ಕ್ಯಾರಿಯರ್‌ಗಳನ್ನು ಹೊಗಳುವವರು ಒಂದು ವಿಷಯವನ್ನು ನುಂಗಿಕೊಳ್ಳಬಾರದು. 2010ರ ಮಾರ್ಚ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ನೀಡಿ, ನಾಲ್ಕು ತಿಂಗಳಿಗಿಂತ ಚಿಕ್ಕ ಶಿಶುಗಳ ವಿಷಯದಲ್ಲಿ ವಿಶೇಷ ಜಾಗರೂಕತೆ ಬೇಕೆಂದಿತು. ಆಳವಾದ ಚೀಲದಂತಿದ್ದ ಕೆಲವು ಸ್ಲಿಂಗ್‌ಗಳಲ್ಲಿ ಮಗು ಮುದುಡಿಕೊಂಡು, ಗಲ್ಲ ಎದೆಗೆ ಒತ್ತಿ, ಉಸಿರಿನ ದಾರಿ ಮುಚ್ಚಿಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ಎಳೆಯ ಶಿಶು ಅಳುವುದಿಲ್ಲ, ಒದ್ದಾಡುವುದೂ ಇಲ್ಲ. ಆದ್ದರಿಂದ ಯಾವ ಬಗೆಯದ್ದಾದರೂ ಸರಿಯೇ, ಕಟ್ಟು ಬಿಗಿಯಾಗಿರಬೇಕು, ಮುಖ ಸದಾ ಕಾಣುತ್ತಿರಬೇಕು, ತಲೆ ಬಗ್ಗಿಸಿದರೆ ಮುತ್ತಿಡುವಷ್ಟು ಎತ್ತರದಲ್ಲಿ ಮಗುವಿರಬೇಕು, ಗಲ್ಲ ಎದೆಯಿಂದ ಮೇಲಕ್ಕಿರಬೇಕು, ಬೆನ್ನಿಗೆ ಆಸರೆಯಿರಬೇಕು. ಕಟ್ಟಿದ ಮೇಲೆ ಕನ್ನಡಿಯ ಮುಂದೆ ನಿಂತು ಇಷ್ಟನ್ನೂ ನೋಡಿಕೊಳ್ಳಲು ಅರ್ಧ ನಿಮಿಷವೂ ಬೇಡ.

ಇನ್ನು ಬಕಲ್‌ಗಳ ಕ್ಯಾರಿಯರ್. ಕಟ್ಟುವ ತೊಡಕಿನಿಂದಲೇ ಹುಟ್ಟಿದ ವಂಶ ಇದರದ್ದು. ಆ್ಯನ್ ಮೂರ್ ಎಂಬ ಅಮೆರಿಕದ ದಾದಿ 1960ರ ದಶಕದಲ್ಲಿ ಅಲ್ಲಿನ ಸರ್ಕಾರದ ಸ್ವಯಂಸೇವಾ ಸಂಸ್ಥೆಯಾದ ಪೀಸ್ ಕೋರ್‌ನ ಕೆಲಸಕ್ಕಾಗಿ ಪಶ್ಚಿಮ ಆಫ್ರಿಕದ ಟೋಗೊ ದೇಶದಲ್ಲಿದ್ದಾಗ, ತಾಯಂದಿರು ಶಿಶುಗಳನ್ನು ಬಟ್ಟೆಯಿಂದ ಬೆನ್ನಿಗೆ ಕಟ್ಟಿಕೊಂಡು ನಿರಾಳವಾಗಿ ಓಡಾಡುವುದನ್ನು ಕಂಡರು. ಸ್ವದೇಶಕ್ಕೆ ಮರಳಿ ತಮ್ಮ ಮಗುವನ್ನು ಹಾಗೆಯೇ ಕಟ್ಟಿಕೊಳ್ಳಲು ಹೋದರೆ ಅದು ಜಾರತೊಡಗಿತು. ಕೊನೆಗೆ ತಾಯಿ ಲೂಸಿ ಆಕರ್‌ಮನ್ ಹೊಲಿದುಕೊಟ್ಟ ಪಟ್ಟಿಗಳ ಚೀಲವೇ ಸ್ನಗ್ಲಿ ಎಂಬ ಕ್ಯಾರಿಯರ್ ಆಯಿತು, 1969ರಲ್ಲಿ ಪೇಟೆಂಟನ್ನೂ ಪಡೆಯಿತು. 1973ರಲ್ಲಿ ಸ್ವೀಡನ್ನಿನ ಬೇಬಿಬ್ಯೋರ್ನ್ ಕಂಪನಿ ತನ್ನ ಮೊದಲ ಕ್ಯಾರಿಯರನ್ನು ಹೊರತಂದಿತು. ಈಗಿನ ಬಕಲ್ ಕ್ಯಾರಿಯರ್‌ಗಳು ಅಗಲವಾದ ಸೊಂಟದ ಪಟ್ಟಿಯ ಮೂಲಕ ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುವುದರಿಂದ, ದೀರ್ಘ ನಡಿಗೆಗೆ ಇವನ್ನು ಮೀರಿಸಿದ್ದು ವಿರಳ. ಕಟ್ಟುವ ತುದಿಯಲ್ಲಂತೂ ಇದಕ್ಕೆ ಎದುರಿಲ್ಲ. ಶಾಲೆಯ ಚೀಲ ಹಾಕಿಕೊಳ್ಳಬಲ್ಲವರು ಇದನ್ನೂ ಹಾಕಿಕೊಳ್ಳಬಲ್ಲರು. ಮನೆಯಲ್ಲಿ ಹೊರುವವರು ಇಬ್ಬರಿದ್ದು, ಒಬ್ಬರು ಗಿಡ್ಡ, ಇನ್ನೊಬ್ಬರು ಎತ್ತರವಾಗಿದ್ದರೆ ಮಾತ್ರ ಪ್ರತಿ ಸಲವೂ ಪಟ್ಟಿಗಳನ್ನು ಹೊಸದಾಗಿ ಹೊಂದಿಸಬೇಕು. ಹಿಂದಿನವರು ಎಷ್ಟಕ್ಕೆ ಬಿಗಿದಿದ್ದರು ಎಂಬ ಬಗ್ಗೆ ಒಂದು ಸಣ್ಣ ವಾಗ್ವಾದವೂ ನಡೆಯುತ್ತದೆ.

ಇದರ ನಿಜವಾದ ಪರೀಕ್ಷೆ ಬಿಚ್ಚುವಾಗ. ಹೆಗಲ ಪಟ್ಟಿಗಳನ್ನು ಜೋಡಿಸುವ ಬಕಲ್ ಸರಿಯಾಗಿ ಕೈಗೆಟುಕದ ಜಾಗದಲ್ಲಿ, ಎರಡು ರೆಕ್ಕೆಮೂಳೆಗಳ ನಡುವೆ ಕುಳಿತಿರುತ್ತದೆ. ಹೇಗೋ ಎಟುಕಿಸಿಕೊಂಡು ಒತ್ತಿದರೆ, ನಿಶ್ಶಬ್ದವಾದ ಕೋಣೆಯಲ್ಲಿ ಅದು ಟಕ್ಕೆಂದು ಸಿಡಿಯುವ ಸದ್ದು ಮಗುವಿನ ಕಿವಿಗೆ ತಪ್ಪುವುದೇ ಇಲ್ಲ. ಬಕಲನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಒತ್ತುವುದನ್ನು ಅನುಭವಸ್ಥರು ಕಲಿತಿರುತ್ತಾರೆ. ಕೊಳ್ಳುವಾಗ ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ಕೂರುವ ಜಾಗದ ಅಗಲ. ಬಟ್ಟೆ ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೆ ತೊಡೆಗಳಿಗೆ ಆಸರೆ ಕೊಟ್ಟು, ಮಂಡಿಗಳು ಕುಂಡೆಗಿಂತ ತುಸು ಮೇಲಿರುವಂತೆ ಮಗು ಕುಳಿತರೆ ಸೊಂಟದ ಕೀಲುಗಳಿಗೆ ಹಿತ. ಕಾಲುಗಳು ನೆಟ್ಟಗೆ ತೂಗಾಡುವ ಕಿರಿದಾದ ಚೀಲಗಳನ್ನು ಎಳೆಯ ಶಿಶುವಿಗೆ ದಿನವಿಡೀ ಬಳಸದಿರುವುದು ಒಳ್ಳೆಯದು.

ಚೀನಾ ಮೂಲದ ಮೇಯ್ ತಾಯ್ ಎಂಬುದು ಬಟ್ಟೆ ಮತ್ತು ಬಕಲ್ ಎಂಬ ಈ ಎರಡು ಕುಲಗಳ ನಡುವಿನದು. ಬಕಲ್ ಇರಬೇಕಾದಲ್ಲಿ ಕಟ್ಟುವ ಪಟ್ಟಿಗಳಿರುತ್ತವೆ. ಸದ್ದಿಲ್ಲದೆ ಬಿಚ್ಚಬಹುದು, ಯಾರ ಮೈಗಾದರೂ ಹೊಂದಿಸಬಹುದು. ಇದಕ್ಕೆ ಇನ್ನೂ ಹೆಚ್ಚಿನ ಮನ್ನಣೆ ಸಿಗಬೇಕಿತ್ತು. ಲೋಹದ ಚೌಕಟ್ಟಿನ ಬೆನ್ನುಚೀಲವನ್ನು ದಿನಬಳಕೆಯ ಲೆಕ್ಕಕ್ಕೆ ನಾನು ಸೇರಿಸುವುದಿಲ್ಲ. ತಾನಾಗಿ ಕೂರಬಲ್ಲ ಮಗುವನ್ನು ಬೆಟ್ಟ ಹತ್ತಿಸಲು ಅದು ಒಳ್ಳೆಯದೇ, ಮನೆಯ ಬಾಗಿಲು ದಾಟುವುದಕ್ಕಲ್ಲ.

ಕುತ್ತಿಗೆ ನಿಂತ ಮೇಲೆ ಮಗುವಿಗೆ ಲೋಕ ನೋಡುವ ಆಸೆ ಹುಟ್ಟುತ್ತದೆ. ಮುಖ ಹೊರಗೆ ಮಾಡಿ ಕೂರಿಸುವ ಕ್ಯಾರಿಯರ್‌ಗಳು ಇದಕ್ಕೆಂದೇ ಇವೆ. ಆದರೆ ಆ ಭಂಗಿಯಲ್ಲಿ ನಿದ್ದೆ ಬಂದರೆ ತಲೆಗೆ ಆಸರೆಯಿಲ್ಲ, ನೋಟ ಸಾಕೆನಿಸಿದರೆ ಮುಖ ಮರೆಸಲು ಎದೆಯೂ ಇಲ್ಲ. ಬೆನ್ನ ಮೇಲಿನ ಸವಾರಿ ಇದಕ್ಕಿಂತ ಮೇಲು. ಉಪ್ಪುಮೂಟೆಯ ಸುಖ ಮಗುವಿಗೂ ಸಿಗುತ್ತದೆ, ಮುಂಭಾಗ ಖಾಲಿಯಾಗುವುದರಿಂದ ಹೊತ್ತವರಿಗೆ ಕೆಲಸವೂ ಸಾಗುತ್ತದೆ. ಬಿಸಿ ಪಾತ್ರೆಗಳ ಹತ್ತಿರ ಮಾತ್ರ ಎದೆಯ ಮೇಲೂ ಬೇಡ, ಬೆನ್ನ ಮೇಲೂ ಬೇಡ.

ನಡೆಯಲು ಕಲಿತ ಮಗು ಐದು ನಿಮಿಷಕ್ಕೊಮ್ಮೆ ಎತ್ತಿಕೊ ಎನ್ನುತ್ತದೆ, ಎತ್ತಿಕೊಂಡ ಎರಡನೆಯ ನಿಮಿಷಕ್ಕೆ ಇಳಿಸು ಎನ್ನುತ್ತದೆ. ಕಟ್ಟುವ, ಬಿಚ್ಚುವ ಗಳಿಗೆಗಳ ನಡುವೆ ಈಗ ಏನೂ ಉಳಿಯುವುದಿಲ್ಲ. ಈ ಪ್ರಾಯಕ್ಕಾಗಿಯೇ ಹಿಪ್ ಸೀಟ್ ಬಂದಿದೆ. ಸೊಂಟದ ಪಟ್ಟಿಗೆ ಅಂಟಿದ ಗಟ್ಟಿ ಹಲಗೆಯಂಥ ಪೀಠದ ಮೇಲೆ ಮಗುವನ್ನು ಕೂರಿಸಿ, ಬೆನ್ನಿಗೆ ಒಂದು ಕೈ ಕೊಟ್ಟರಾಯಿತು. ಕಟ್ಟುವ ಮಾತೇ ಇಲ್ಲ. ಆದರೆ ಅದು ಮಡಚುವುದಿಲ್ಲ. ಮಗು ಇಳಿದು ಓಡಾಡುತ್ತಿರುವಾಗಲೂ ಆ ಪೀಠ ಹೊತ್ತವರ ಸೊಂಟದಿಂದ ಮುಂದಕ್ಕೆ ಚಾಚಿಕೊಂಡೇ ಇದ್ದು, ಜನರ ನಡುವೆ ನುಸುಳುವಾಗ ಸಿಕ್ಕಿದವರಿಗೆಲ್ಲ ತಾಗುತ್ತದೆ. ಹೀಗಾಗಿ ಈ ವಯಸ್ಸಿನಲ್ಲೂ ನನ್ನ ಮತ ರಿಂಗ್ ಸ್ಲಿಂಗ್‌ಗೇ. ಉಂಗುರಗಳನ್ನು ತೂರಿಸಿದಂತೆಯೇ ಇಟ್ಟು ಹೆಗಲಿಗೆ ಇಳಿಬಿಟ್ಟಿದ್ದರೆ, ಮಗು ಕೈಯೆತ್ತಿದ ಕೂಡಲೇ ಅದನ್ನು ಎತ್ತಿ ಒಳಗೆ ಕೂರಿಸಿ ಒಮ್ಮೆ ಎಳೆದರೆ ಸಾಕು. ಹೆಗಲು ನೋಯುವ ಮೊದಲೇ ಅದು ಇಳಿಯುತ್ತೇನೆ ಎಂದಿರುತ್ತದೆ.