ಇಲ್ಲೊಂದು ಕೆರೆ ಇತ್ತು, ಬನ್ನಿ ಮುಂದೆ ಹೋಗೋಣ

ಹಳೇ ಬೆಂಗಳೂರನ್ನು ಗೈಡ್ ಜೊತೆ ನಡೆದು ನೋಡುವ ಹೆರಿಟೇಜ್ ವಾಕಿನ ಮತ್ತೊಂದು ಪೋಸ್ಟರು. ಈ ಸಲದ್ದು ‘ಕ್ಯುರೇಟೆಡ್’ ಅಂತೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ಮೆಟ್ರೋ ನಿಲ್ದಾಣದ ಮುಂದೆ ಸೇರಬೇಕು. ದಯವಿಟ್ಟು ಮೆಟ್ರೋದಲ್ಲೇ ಬನ್ನಿ, ಪರಿಸರ ಉಳಿಸಿ. ಭಾನುವಾರ ನಮ್ಮ ಮೆಟ್ರೋ ಏಳುವುದೇ ಏಳಕ್ಕೆ.

ಬೆಂಗಳೂರಿಗರು ದುಡ್ಡು ಕೊಟ್ಟು ನಡೆಯುತ್ತಿದ್ದಾರೆಂದು ಯಾರೂ ನಗಬಾರದು. ಈ ಊರಿನಲ್ಲಿ ನಡೆಯುವುದು ಗೈಡ್ ಇಲ್ಲದೆ ಮಾಡುವ ಕೆಲಸವೇ ಅಲ್ಲ. ಚರಂಡಿಗೆ ಮುಚ್ಚಿದ ಚಪ್ಪಡಿಯ ಅಂಚಿಗೆ ಕಾಲಿಟ್ಟರೆ ಇನ್ನೊಂದು ಅಂಚು ಎದ್ದು ಮೊಣಕಾಲಿಗೆ ಬಡಿಯುತ್ತದೆ. ನಡುಮಧ್ಯ ಇಡಬೇಕು, ಅದೂ ಬಿರುಕು ಬಿಟ್ಟಿಲ್ಲ ಎಂದು ನೋಡಿಕೊಂಡು. ಟ್ರಾನ್ಸ್‌ಫಾರ್ಮರ್ ಬಂದಲ್ಲಿ ರಸ್ತೆಗಿಳಿಯಬೇಕು, ಕೇಬಲ್ಲಿನ ಸುರುಳಿ ಬಂದಲ್ಲಿ ತಲೆ ತಗ್ಗಿಸಬೇಕು, ನಿಂತ ಬೈಕು ಬಂದಲ್ಲಿ ಮತ್ತೆ ಇಳಿಯಬೇಕು. ಒಂದೇ ಇದ್ದ ಪಾಲಿಕೆ 2025ರಲ್ಲಿ ಐದಾಯಿತು. ಚಪ್ಪಡಿ ಅದೇ.

ಈಗ ಲೆಕ್ಕ ನೋಡಿ. ಇಪ್ಪತ್ತು ಜನ. ಪೇಟೆಯ ಫುಟ್‌ಪಾತಿನಲ್ಲಿ ಇಬ್ಬರು ಜೊತೆಯಾಗಿ ಹೋಗಲಾಗದು, ಹಾಗಾಗಿ ಒಂದೇ ಸಾಲು, ಆಳಿಗೊಂದು ಮೀಟರ್ ಹಿಡಿದರೂ ಇಪ್ಪತ್ತು ಮೀಟರ್ ಉದ್ದದ ಬಾಲ. ಗೈಡ್ ಗಂಟಲು ಹರಿದುಕೊಂಡರೂ ಕೇಳುವುದು ಮೊದಲ ಏಳೆಂಟು ಮಂದಿಗೆ. ಉಳಿದವರಿಗೆ ಇತಿಹಾಸ ಕಿವಿಯಿಂದ ಕಿವಿಗೆ ಸಾಗುತ್ತದೆ. ಮುಂದೆ ಬ್ರಿಟಿಷ್ ದಂಡನಾಯಕನ ವಿಷಯವಾಗಿ ‘ಕಾರ್ನ್‌ವಾಲಿಸ್ ಕೋಟೆ ಒಡೆದ’ ಎಂದು ಹೊರಟದ್ದು ಇಪ್ಪತ್ತನೆಯವರನ್ನು ಮುಟ್ಟುವಷ್ಟರಲ್ಲಿ ‘ಕಾರ್ಪೊರೇಷನ್ನವರು ಕೋಟೆ ಒಡೆದರು’ ಎಂದಾಗಿರುತ್ತದೆ. ಅವರು ಅಚ್ಚರಿಯನ್ನೂ ಪಡುವುದಿಲ್ಲ. ಸೊಂಟಕ್ಕೆ ಕಟ್ಟುವ ಪುಟ್ಟ ಸ್ಪೀಕರ್ ತಂದರೆ, ಎದುರಿನಿಂದ ತಳ್ಳುಗಾಡಿಯವನು ಈರುಳ್ಳಿ ರೆಕಾರ್ಡಿಂಗ್ ಹಾಕಿಕೊಂಡು ಬರುತ್ತಾನೆ. ಅವನ ಸ್ಪೀಕರ್ ದೊಡ್ಡದು.

ಎರಡು ಗಂಟೆಯಲ್ಲಿ ಎರಡು ಕಿಲೋಮೀಟರ್ ಅನ್ನುತ್ತಾರೆ. ನಡಿಗೆಗೆ ನಲವತ್ತು ನಿಮಿಷ ಸಾಕು, ಹತ್ತು ಕಡೆ ಏಳೇಳು ನಿಮಿಷ ನಿಂತರೆ ಎಪ್ಪತ್ತು. ಉಳಿಯುವುದು ಹತ್ತು ನಿಮಿಷ. ಅದರಲ್ಲಿ ಎರಡು ದೇವಸ್ಥಾನ, ಒಂದು ದರ್ಗಾದ ಮುಂದೆ ಇಪ್ಪತ್ತು ಜನರ ಶೂ ಲೇಸು ಬಿಚ್ಚಿ ಕಟ್ಟುವುದಾಗಬೇಕು. ‘ಆರಾಮದಾಯಕ ಶೂ ಧರಿಸಿ’ ಎಂದು ಪೋಸ್ಟರಿನಲ್ಲಿ ಬರೆಯುವವರು ಒಮ್ಮೆಯೂ ಈ ದಾರಿಯಲ್ಲಿ ನಡೆದಿರಲಾರರು. ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಿಕೊಂಡು ಬನ್ನಿ. ಶೌಚಾಲಯ? ಮನೆಯಲ್ಲೇ ಮುಗಿಸಿಕೊಳ್ಳಿ. ಅದು ಈ ಊರಿನ ಅಮೂರ್ತ ಪರಂಪರೆ, ಕಣ್ಣಿಗೆ ಕಾಣುವುದಿಲ್ಲ.

ಇನ್ನು ಶುರು ಎಲ್ಲಿಂದ? ಬೆಂದ ಕಾಳಿನಿಂದ. ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ವೀರಬಲ್ಲಾಳ ಬೇಟೆಗೆ ಬಂದ, ದಾರಿ ತಪ್ಪಿದ, ಹಸಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರು ಆಯಿತು. ಪಾಪ, ಆ ಅಜ್ಜಿ ಈಗ ವಾರಕ್ಕೆಷ್ಟು ಬ್ಯಾಚಿಗೆ ಕಾಳು ಬೇಯಿಸಬೇಕೋ. ಬೇಗೂರಿನ ದೇವಸ್ಥಾನದಲ್ಲಿ ಗಂಗರ ಕಾಲದ ವೀರಗಲ್ಲೊಂದಿದೆ, ಸುಮಾರು 890ರದ್ದು. ಅದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಈ ವೀರಬಲ್ಲಾಳ, ಅಂದರೆ ಹೊಯ್ಸಳರ ಇಮ್ಮಡಿ ಬಲ್ಲಾಳ, ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ದೊರೆ ಕಾಳು ತಿನ್ನುವುದಕ್ಕೆ ಹತ್ತಿರ ಹತ್ತಿರ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು, ಆ ಹೆಸರಿನಲ್ಲಿ ಹೊಡೆದಾಡಿ ಸತ್ತವರೂ ಇದ್ದರು. ಆ ಕಲ್ಲಿನ ಮುಂದೆ ಈ ಬೇಳೆ ಬೇಯುವುದಿಲ್ಲ. ಆದರೆ ವೀರಗಲ್ಲನ್ನು ರೀಲ್ಸಿನಲ್ಲಿ ಬೇಯಿಸಲಾಗುವುದಿಲ್ಲವಲ್ಲ, ಅದಕ್ಕೇ ಕಾಳು.

ಅಲ್ಲಿಂದ ಗೈಡ್ ಮಹಾಶಯರ ಪಾಲಿಗೆ ಕನ್ನಡದಲ್ಲಿ ಒಂದೇ ಕ್ರಿಯಾಪದ ಉಳಿಯುತ್ತದೆ: ಇತ್ತು. ಮಾರುಕಟ್ಟೆಯ ಜಾಗದಲ್ಲಿ ಸಿದ್ಧಿಕಟ್ಟೆ ಇತ್ತು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣದಲ್ಲಿ ಸಂಪಂಗಿ ಕೆರೆ ಇತ್ತು. ಅದರ ಒಂದು ಚೌಕಟ್ಟಿನಷ್ಟು ನೀರು ಇನ್ನೂ ಉಳಿದಿದೆ, ಕರಗಕ್ಕೆ ಬೇಕೆಂಬ ಒಂದೇ ಕಾರಣಕ್ಕೆ. ದೇವರ ಹೆಸರು ಹೇಳದಿದ್ದರೆ ಅದೂ ಇಲ್ಲ. ಈ ಅವೆನ್ಯೂ ರಸ್ತೆ ಇದೆಯಲ್ಲ, ದೊಡ್ಡಪೇಟೆ ಇತ್ತು. ‘ಒಂದ್ಸಲ ಕಣ್ಣು ಮುಚ್ಚಿ, ಕೆಂಪೇಗೌಡರು ಊರು ಕಟ್ಟಿದ 1537ನ್ನು ಕಲ್ಪಿಸಿಕೊಳ್ಳಿ, ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತು ಹೊರಟವು...’ ಸ್ವಾಮಿ, ದೊಡ್ಡಪೇಟೆ ಚಿಕ್ಕಪೇಟೆ ಕೂಡುವ ಜಾಗದಲ್ಲಿ ಕಣ್ಣು ಮಾತ್ರ ಮುಚ್ಚಬೇಡಿ. ಅದು ಎತ್ತಲ್ಲ, ಲಗೇಜ್ ಆಟೋ.

ಕೆಂಪೇಗೌಡರು ಕಟ್ಟಿದ ಮಣ್ಣಿನ ಕೋಟೆಯ ಒಂದು ಹಿಡಿ ಮಣ್ಣೂ ಪೇಟೆಯಲ್ಲಿ ತೋರಿಸಲಿಕ್ಕಿಲ್ಲ. ಅದಕ್ಕೇನಂತೆ, 2022ರಲ್ಲಿ 108 ಅಡಿಯ ಪ್ರತಿಮೆ ಎದ್ದಿದೆ, ವಿಮಾನ ನಿಲ್ದಾಣದಲ್ಲಿ. ಊರು ಕಟ್ಟಿದವರನ್ನು ಊರಿನಾಚೆ ನಿಲ್ಲಿಸಿದ್ದೇವೆ.

ಪೇಟೆಯ ಮನೆಗಳ ವಿಷಯಕ್ಕೆ ಬಂದರೆ ತಮಾಷೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಹೊಸದು ಕಟ್ಟಬಾರದೆಂದು ಕೇಂದ್ರದ ಕಾನೂನಿದೆ. ಸರಿ. ಆದರೆ ಸ್ಮಾರಕವೆಂದು ಯಾರೂ ಬರೆದುಕೊಳ್ಳದ ತೊಟ್ಟಿ ಮನೆಯನ್ನು ಕಾಯುವವರು ಯಾರು? ಜಂತೆ ಹುಳು ಹಿಡಿಯುತ್ತದೆ, ಇಟ್ಟಿಗೆ-ಸುಣ್ಣದ ಮದ್ರಾಸ್ ತಾರಸಿಯ ಗಾರೆ ನೀರು ಕುಡಿಯುತ್ತದೆ, ಗಾರೆ ಕಲೆಸಬಲ್ಲ ಮೇಸ್ತ್ರಿ ಸಿಗುವುದಿಲ್ಲ. ಸಿಮೆಂಟು ಮೆತ್ತುತ್ತಾರೆ, ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಕೊಳೆಯುತ್ತದೆ. ಅಣ್ಣತಮ್ಮಂದಿರ ಪಾಲು ಬೇರೆ. ಕೊನೆಗೆ ಒಂದು ದಿನ ಕೆಡವಲೆಂದು ಹಸಿರು ಪರದೆ ಕಟ್ಟುತ್ತಾರೆ. ಕೆತ್ತನೆಯ ಕಂಬಗಳು ರೆಸಾರ್ಟಿಗೆ ಹೋಗುತ್ತವೆ, ಅಲ್ಲಿ ಅವಕ್ಕೆ ‘ಪಾರಂಪರಿಕ ಅನುಭವ’ ಎಂದು ಹೆಸರು. ಮುಂದಿನ ಭಾನುವಾರ ಅದೇ ಜಾಗದಲ್ಲಿ ಇಪ್ಪತ್ತು ಜನ ನಿಂತು ಹಳೆಯ ಫೋಟೋ ಲ್ಯಾಮಿನೇಟ್ ಮಾಡಿಸಿದ್ದನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೂಟೆ ಹೊತ್ತ ಹಮಾಲಿ ‘ಸೈಡ್, ಸೈಡ್’ ಎನ್ನುತ್ತಾ ಬಂದರೆ ಅವನದೂ ಒಂದು ಫೋಟೋ, ಕೇಳದೆಯೇ. ‘ಲಿವಿಂಗ್ ಹೆರಿಟೇಜ್’. ಅವನಿಗೆ ಬೇಕಾದದ್ದು ಗಾಡಿ ಉರುಳುವಷ್ಟು ಸಮತಟ್ಟಾದ ರಸ್ತೆ, ಒಂದು ನಲ್ಲಿ, ಒಂದು ಶೌಚಾಲಯ. ಅದನ್ನು ಕೇಳಲು ಈ ಇಪ್ಪತ್ತರಲ್ಲಿ ಒಬ್ಬರೂ ವಾರ್ಡ್ ಕಚೇರಿಗೆ ಹೋದದ್ದಿಲ್ಲ. ಅಲ್ಲಿಗೆ ಯಾರೂ ವಾಕ್ ಏರ್ಪಡಿಸುವುದಿಲ್ಲ.

ಕೊನೆಯ ನಿಲುಗಡೆ ಕೋಟೆ. ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ್ದು, ಈಗ ದೆಹಲಿ ಬಾಗಿಲೂ ಒಂದಷ್ಟು ಗೋಡೆಯೂ ಉಳಿದಿವೆ. ಹೊರಗೊಂದು ಇಂಗ್ಲಿಷ್ ಫಲಕವಿದೆ: ಗೋಡೆಯ ಈ ಒಡಕಿನಿಂದಲೇ ಬ್ರಿಟಿಷರು ನುಗ್ಗಿದರು, ತಾರೀಕು 21 ಮಾರ್ಚ್ 1791. ಕೋಟೆ ಒಡೆದವರು ಎಲ್ಲಿ ಒಡೆದೆವು, ಯಾವತ್ತು ಒಡೆದೆವು ಎಂದು ಕಲ್ಲಿನಲ್ಲಿ ಬರೆಸಿಟ್ಟು ಹೋದರು. ಉಳಿದ ಗೋಡೆಯೆಲ್ಲ ಹೇಗೆ ಹೋಯಿತು ಅನ್ನುವುದಕ್ಕೆ ಫಲಕವಿಲ್ಲ. ಯಾವಾಗಲಾದರೂ ಹಾಕಿಸುವ ಮನಸ್ಸಾದರೆ ಅಕ್ಷರ ಸ್ವಲ್ಪ ದಪ್ಪಗಿರಲಿ, ಸಾಲಿನ ಇಪ್ಪತ್ತನೆಯವರಿಗೂ ಓದಲು ಬರಬೇಕು.