ಹೋಗುತ್ತೇನೆಂದು ಹೇಳಿ ಹೋದದ್ದು

ಆ ದೊಡ್ಡ ಸಾಮಾಜಿಕ ಜಾಲತಾಣವನ್ನು ಬಿಡುವುದೆಂದು ನಿಶ್ಚಯಿಸಿದ ರಾತ್ರಿ, ಸರಸ್ವತಿಪುರಂನ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಎರಡು ಗಂಟೆ ಕಾಲ ತಿದ್ದಿ ತೀಡಿ ಒಂದು ವಿದಾಯ ಪತ್ರವನ್ನು ಬರೆದೆ. "ಇಷ್ಟು ವರ್ಷ ಜೊತೆಗಿದ್ದವರಿಗೆಲ್ಲ ವಂದನೆಗಳು, ಇನ್ನು ನನ್ನ ದಾರಿ ಬೇರೆ, ತಪ್ಪಿದ್ದರೆ ಕ್ಷಮಿಸಿ" ಎಂಬ ಅದರ ಕೊನೆಯ ಸಾಲನ್ನು ಓದಿ ನನಗೇ ಕಣ್ಣು ತುಂಬಿ ಬಂತು. ಬೆಳಗಾಗುವಷ್ಟರಲ್ಲಿ ಹನ್ನೊಂದು ಮೆಚ್ಚುಗೆಗಳು ಬಿದ್ದಿದ್ದವು. ನಾಲ್ವರು 'ಓಂ ಶಾಂತಿ' ಎಂದು ಬರೆದಿದ್ದರು. ಮಂಡ್ಯದಿಂದ ಫೋನ್ ಮಾಡಿದ ಚಿಕ್ಕಮ್ಮ, ನಾನೇ ಎತ್ತಿ ಮಾತನಾಡಿದರೂ ನಂಬದೆ, ನನ್ನ ಹೆಂಡತಿಯ ಬಾಯಿಂದ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಸಮಾಧಾನಗೊಂಡರು. ಆ ಹನ್ನೊಂದನ್ನು ಇನ್ನೊಮ್ಮೆ ಎಣಿಸಿ, ಖಾತೆ ಅಳಿಸುವ ಗುಂಡಿಯನ್ನು ಒತ್ತಿದೆ.

ಬಿಟ್ಟದ್ದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ಗೆಳೆಯರ ಸಮಾಚಾರ ತಿಳಿಯಲೆಂದು ತೆರೆದರೆ ಮಂಡಿನೋವಿನ ಎಣ್ಣೆಯ ಜಾಹೀರಾತೂ ಗುರುತು ಪರಿಚಯವಿಲ್ಲದವರ ಜಗಳವೂ ಎದುರಾಗುತ್ತಿದ್ದವು. ನೆಂಟರ ಮಗಳ ಮದುವೆಯ ಆಹ್ವಾನ ಬೀಗರ ಊಟ ಮುಗಿದ ನಾಲ್ಕನೆಯ ದಿನ ಕಣ್ಣಿಗೆ ಬೀಳುತ್ತಿತ್ತು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಎಂಬ ಹಳೆಯ ಜಾಲತಾಣ ನಿಂತುಹೋದಾಗ ಇಂಥ ತಾಪತ್ರಯವಿರಲಿಲ್ಲ. ಮನೆಯವರೇ ಬೀಗ ಹಾಕಿದ್ದರಿಂದ ಸುಮ್ಮನೆ ಹೊರಗೆ ಬಂದಿದ್ದೆವು.

ಈ ಸಲ ಹೋಗಿ ಸೇರಿದ್ದು ಮಾಸ್ಟೊಡಾನನ್ನು. ಜರ್ಮನಿಯಲ್ಲಿ ಯುಜೆನ್ ರೋಚ್ಕೊ 2016ರಲ್ಲಿ ಹೊರತಂದ ಇದು ಒಂದೇ ತಾಣವಲ್ಲ. ಬೇರೆ ಬೇರೆಯವರು ನಡೆಸುವ ಸರ್ವರ್‌ಗಳ, ಅಂದರೆ ಬಿಡಿ ಬಿಡಿ ತಾಣಗಳ, ಒಂದು ಒಕ್ಕೂಟ. ಒಂದರಲ್ಲಿರುವವರು ಇನ್ನೊಂದರವರೊಡನೆ ಹರಟಬಹುದಾದರೂ ಖಾತೆಯನ್ನು ಯಾವುದಾದರೂ ಒಂದು ಕಡೆ ತೆರೆಯಬೇಕು. ಆದ್ದರಿಂದಲೇ ವಿಳಾಸದಲ್ಲಿ ಹೆಸರಿಗೆ ಮೊದಲೊಂದು, ಸರ್ವರ್‌ಗೆ ಮೊದಲೊಂದು, ಹೀಗೆ ಎರಡು 'ಅಟ್' ಚಿಹ್ನೆಗಳು ಬರುತ್ತವೆ. ಫೋನಿನಲ್ಲಿ ಇದನ್ನು ಮೂರು ಸಲ ಬರೆದುಕೊಂಡು ಮೂರು ಸಲವೂ ಒಂದು ಚಿಹ್ನೆಯನ್ನು ಬಿಟ್ಟ ನನ್ನ ಭಾವಮೈದುನ, "ಭಾವ, ನೀವೇ ವಾಪಸ್ ಬಂದ್ಬಿಡಿ, ಅದೇ ಸುಲಭ" ಎಂದ.

ಅಡುಗೆ ಮತ್ತು ಕೈತೋಟದವರ ಒಂದು ಪುಟ್ಟ ಸರ್ವರ್ ಆರಿಸಿಕೊಂಡು, ಭಾನುವಾರದ ಮಸಾಲೆ ದೋಸೆಯ ಚಿತ್ರದೊಂದಿಗೆ ಗೃಹಪ್ರವೇಶ ಮಾಡಿದೆ. ಐದು ನಿಮಿಷದಲ್ಲಿ ಯಾರೋ ಬಹಳ ವಿನಯದಿಂದ, ಇಲ್ಲಿ ಕಣ್ಣು ಕಾಣದವರೂ ಇದ್ದಾರೆ, ಅವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕಾಗಿ ಚಿತ್ರದ ವಿವರಣೆಯನ್ನೂ ಬರೆಯುವಿರಾ ಎಂದು ಕೇಳಿದರು. ಬರಹಕ್ಕೆ 500 ಅಕ್ಷರಗಳ ಮಿತಿಯಿರುವ ಕಡೆ ಚಿತ್ರದ ವಿವರಣೆಗೆ 1,500 ಸಿಗುತ್ತವೆಂದು ತಿಳಿದಾಗ ನನ್ನೊಳಗಿನ ಸಾಹಿತಿ ಎದ್ದು ಕುಳಿತ. ಅಂಚಿನ ಕಂದು, ನಡುವಿನ ಹೊಂಬಣ್ಣ, ಒಳಮೈಗೆ ಸವರಿದ ಕೆಂಪು ಚಟ್ನಿ, ಮಡಿಕೆಯಿಂದ ಇಣುಕುವ ಪಲ್ಯ ಎಂದು ಬರೆಯುತ್ತ, 'ಕರಗುತ್ತಿರುವ ಬೆಣ್ಣೆ' ಎಂಬಲ್ಲಿಗೆ ಬಂದು ತಟ್ಟೆಯ ಕಡೆ ನೋಡಿದರೆ ಬೆಣ್ಣೆ ಕರಗಿ, ಹರಡಿ, ಮತ್ತೆ ಹೆಪ್ಪುಗಟ್ಟುತ್ತಿತ್ತು. ಚಿತ್ರಕ್ಕೆ ನಿಷ್ಠನಾಗಿರಬೇಕೋ ತಟ್ಟೆಗೋ ಎಂದು ನಾನು ಯೋಚಿಸುತ್ತಿರುವಾಗ ಹೆಂಡತಿ, "ರಬ್ಬರ್ ಆಗಿದೆ ಅಂತಾನೂ ಸೇರಿಸಿ" ಎಂದಳು.

ಸಂಜೆ ಒಂದು ಉತ್ತರ ಬಂತು. ತಮಗೆ ಕಣ್ಣು ಕಾಣದೆಂದು ತಿಳಿಸಿ, ವಿವರಣೆಯನ್ನು ಎರಡು ಸಲ ಕೇಳಿಸಿಕೊಂಡುದಾಗಿ ಬರೆದ ಒಬ್ಬರು, ಪಲ್ಯದಲ್ಲಿ ಈರುಳ್ಳಿ ಇತ್ತೇ ಎಂದು ವಿಚಾರಿಸಿದ್ದರು. ದೊಡ್ಡ ತಾಣದಲ್ಲಿ ನಾನು ಹಾಕಿದ ದೋಸೆಗಳಿಗೆ ಲೆಕ್ಕವಿಲ್ಲ. ಒಬ್ಬರಾದರೂ ಈರುಳ್ಳಿಯ ಸುದ್ದಿ ಎತ್ತಿರಲಿಲ್ಲ. ಇತ್ತು ಎಂದು ತಿಳಿಸಿ, ಅದನ್ನು ಬಿಟ್ಟಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ.

ಇಷ್ಟಾದ ಮೇಲೆ ನಾನು ಸುಮ್ಮನಿರಬೇಕಿತ್ತು. ದೊಡ್ಡ ತಾಣದ ನಿಯಮದಂತೆ ಖಾತೆ ಪೂರ್ತಿ ಅಳಿಯುವುದು 30 ದಿನಗಳಾದ ಮೇಲೆ. ಅಷ್ಟರೊಳಗೆ ಒಳಗೆ ಹೋಗಬೇಕೆಂದರೆ ಅರ್ಜಿಯನ್ನು ರದ್ದು ಮಾಡಲೇಬೇಕು. ಇದು ಚೆನ್ನಾಗಿ ಗೊತ್ತಿದ್ದೂ, ಇಪ್ಪತ್ತೊಂಬತ್ತನೆಯ ರಾತ್ರಿ, ನಾನಿಲ್ಲದೆ ಎಷ್ಟು ಜನ ಪರಿತಪಿಸಿರಬಹುದೆಂದು ನೋಡುವ ಆಸೆಯಿಂದ ಒಳಗೆ ಹೋದೆ. ಖಾತೆ ಮರೆಯಾದಾಗ ವಿದಾಯ ಪತ್ರವೂ ಮರೆಯಾಗಿತ್ತು, ಆದ್ದರಿಂದ ಪರಿತಪಿಸುವವರಿಗೂ ಅದಕ್ಕೆ ಅವಕಾಶವಿರಲಿಲ್ಲ ಎಂಬುದು ಹೊಳೆದದ್ದು ಆಮೇಲೆ. ಹನ್ನೊಂದು ಹನ್ನೊಂದೇ ಆಗಿತ್ತು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. "ನಿನ್ ಹೆಸ್ರಿನ್ ಪಕ್ಕ ಹಸಿರು ಚುಕ್ಕೆ ಕಾಣ್ತಾದೆ ಕಣಪ್ಪ, ಯಾರೋ ಕಳ್ರು ಒಳೀಕ್ ಬಂದವ್ರೆ, ಹುಷಾರು" ಎಂದರು ಚಿಕ್ಕಮ್ಮ.

"ನೋಡ್ತೀನಿ ಚಿಕ್ಕಮ್ಮ" ಎಂದು ಹೇಳಿ, ಅಳಿಸುವ ಗುಂಡಿ ಎಲ್ಲಿತ್ತೆಂದು ಮತ್ತೆ ಹುಡುಕತೊಡಗಿದೆ.